ಮೋಟರ್ ನಿಂತ ಮೇಲೆ

ನನ್ನ ಬಾಯಿ ಜೋರು ಎಂದು ಗಂಡನ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮರ ಕಡಿಯುವವನ ಹೆಂಡತಿಗೆ ಬಾಯಿ ಇಲ್ಲದಿದ್ದರೆ ಹಣೆಯ ಕುಂಕುಮವೂ ಉಳಿಯುವುದಿಲ್ಲ. ಅವನು ಮೇಲೆ ಹತ್ತಿ ಕಡಿಯುತ್ತಾನೆ, ನಾನು ಕೆಳಗೆ ನಿಂತು ಹಗ್ಗ ಎಳೆಯುತ್ತೇನೆ. ಮದುವೆಯಾದಾಗಿನಿಂದ ಇದೇ ನಮ್ಮ ಸಂಸಾರ.

ಕಳೆದ ಬೇಸಿಗೆಯಲ್ಲಿ ಮಮದಾಪುರದ ಹತ್ತಿರ ಒಂದು ಹೊಲದ ಬೇವಿನ ಮರ ಕಡಿಯಲು ಹೋಗಿದ್ದೆವು. ಟೊಂಗೆಗಳ ನಡುವೆಯೇ ಕರೆಂಟಿನ ತಂತಿ ಹಾದುಹೋಗಿತ್ತು. ಲೈನ್‌ಮನ್‌ಗೆ ಹೇಳಿ ಲೈನಿನ ಕರೆಂಟ್ ತೆಗೆಸಿ ಎಂದು ಹೊಲದ ಮಾಲೀಕರಿಗೆ ಹೋದ ಕೂಡಲೇ ಹೇಳಿದೆ. ಅವರು ನಕ್ಕರು. ಅವನು ಬರುವಷ್ಟರಲ್ಲಿ ಹೊತ್ತು ಮುಳುಗುತ್ತದೆ, ತ್ರೀಫೇಸ್ ಹೇಗೂ ಮಧ್ಯಾಹ್ನ ಹೋಗುತ್ತದೆ, ಆಗ ಹತ್ತಿದರಾಯಿತು ಎಂದರು. ನಮ್ಮ ಕಡೆ ಹೊಲದಲ್ಲಿ ಎಲ್ಲರ ಲೆಕ್ಕವೂ ಅದೇ. ಬೋರಿನ ಮೋಟರ್ ನಿಂತಿತೆಂದರೆ ಕರೆಂಟ್ ಹೋಯಿತು. ನನ್ನ ಗಂಡನೂ ಹೂಂ ಎಂದು ತಲೆಯಾಡಿಸಿದ.

ಮೋಟರ್ ನಿಂತಿತು. ಅವನು ಬೊಡ್ಡೆ ಮುಟ್ಟಿ, ತಪ್ಪಾತವ್ವ ಎಂದು ಮರದ ಕ್ಷಮೆ ಕೇಳಿ ಹತ್ತಿದ. ಮೊದಲ ಟೊಂಗೆ ತಂತಿಯಿಂದ ದೂರವಿತ್ತು, ಸಲೀಸಾಗಿ ಬಿತ್ತು. ಇನ್ನೊಂದು ಹಗ್ಗ ತರಲು ನಾನು ಹೊಲದ ಶೆಡ್ಡಿಗೆ ಹೋದೆ. ಒಳಗೆ ಟೇಬಲ್ ಫ್ಯಾನ್ ಗರಗರ ತಿರುಗುತ್ತಿತ್ತು.

ಮೋಟರಿನ ತ್ರೀಫೇಸ್ ಹೋಗಿತ್ತು, ದೀಪಕ್ಕೆ ಬಿಡುವ ಸಿಂಗಲ್ ಫೇಸ್ ಇತ್ತು. ಎರಡೂ ಬರುವುದು ಅದೇ ತಂತಿಗಳಲ್ಲಿ. ಹೊರಗೆ ಓಡಿ ಬಂದರೆ, ಅವನು ತಂತಿಗೆ ಇನ್ನೇನು ತಾಗುವಂತಿದ್ದ ಟೊಂಗೆಯ ಮೇಲೆ ಕಾಲೂರಿ ಕೊಡಲಿ ಎತ್ತಿದ್ದ.

"ನಿಲ್ಲಸು! ತಂತ್ಯಾಗ ಕರೆಂಟ್ ಐತಿ."

ಎತ್ತಿದ ಕೈ ಹಾಗೇ ನಿಂತಿತು. ಇಳಿಯಬೇಕೆಂದರೂ ಟೊಂಗೆ ತೂಗಾಡಬಾರದು. ಅವನು ಒಂದೊಂದೇ ಕಾಲು ಹಿಂದಿಡುತ್ತಿದ್ದರೆ ನಾನು ಕೆಳಗಿನಿಂದ ಕಾಲಿಡುವ ಜಾಗ ಹೇಳುತ್ತಾ ಹೋದೆ. ನೆಲಕ್ಕೆ ಕಾಲಿಟ್ಟವನೇ ಅವನು ಕೊಡಲಿ ಕೆಳಗಿಟ್ಟು ಬೊಡ್ಡೆಗೆ ಒರಗಿ ಕೂತ.

ಮಾಲೀಕರಿಗೆ ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ತಂತಿಗೆ ತಾಗದಂತೆ ಕಡಿಯುವುದು ಕಡಿಯುವವನ ಜವಾಬ್ದಾರಿ ಎಂದರು. ಕೊಡಲಿ ಹಚ್ಚಿದ ಮರವನ್ನು ಅರ್ಧಕ್ಕೆ ಬಿಟ್ಟರೆ ಮನೆಗೆ ಕೇಡು ಎಂದೂ ಸೇರಿಸಿದರು.

"ಯಾರ ಮನಿಗ್ರಿ ಕೇಡು?" ಎಂದೆ. "ಕೆಲಸಾ ಕೊಟ್ಟಾವ್ರು ನೀವು. ಲೈನ್ ತಗಸೂದೂ ನಿಮ್ಮ ಕೆಲಸಾನ. ಆಗಂಗಿಲ್ಲಂದ್ರ ನೀವ ಹತ್ರಿ."

ನೀವು ಹೋದರೆ ಬೇರೆಯವರು ಬರುತ್ತಾರೆ ಎನ್ನುತ್ತಾ ಅವರು ಫೋನ್ ತೆಗೆದರು.

ಬಸ್‌ಸ್ಟ್ಯಾಂಡಿನ ದಾರಿಯುದ್ದಕ್ಕೂ ಗಂಡ ನನ್ನನ್ನೇ ಬೈದ. ಹೀಗೆ ಜಗಳ ಕಾದರೆ ನಾಳೆ ನಮ್ಮನ್ನು ಯಾರು ಕರೆಯುತ್ತಾರೆ ಎಂದ. ಈಗಷ್ಟೇ ಸಾವಿನ ಬಾಯಿಂದ ಬಂದವನ ಮಾತು ನೋಡಿ ಇದು! ನನಗೆ ಅಳುವೂ ಬಂತು, ಅವನಿಗೆ ನಾಲ್ಕು ಬಾರಿಸೋಣ ಎಂದೂ ಅನ್ನಿಸಿತು. ಬಬಲೇಶ್ವರದ ಬಸ್ಸು ಹತ್ತಿ ಬೇರೆ ಸೀಟಿನಲ್ಲಿ ಕೂತೆ.

ಬಸ್ಸು ಇನ್ನೂ ಹೊರಟಿರಲಿಲ್ಲ. ಒಂದು ಟಂಟಂ ಆಟೊ ಬಂದು ನಿಂತು, ಹೆಗಲ ಮೇಲೆ ಕೊಡಲಿ ಹೊತ್ತ ಇಬ್ಬರು ಇಳಿದರು. ಅಂಗಡಿಯವನನ್ನು ಅದೇ ಮಾಲೀಕರ ಹೊಲದ ದಾರಿ ಕೇಳಿ ಆ ಕಡೆ ಹೊರಟರು. ಅಷ್ಟರಲ್ಲಿ ಬಸ್ಸು ಕದಲಿತು. ಗಂಡ ಎದ್ದು ಬಸ್ಸಿನ ತಗಡು ಬಡಿದು ನಿಲ್ಲಿಸಿ, ಇಳಿದು ಓಡಿದ. ನಾನೂ ಹಿಂದೆಯೇ ಇಳಿದೆ.

ತಂತಿಯ ವಿಷಯ ಹೇಳಿದರೂ ಅವರಿಬ್ಬರಲ್ಲಿ ಹಿರಿಯ ನಂಬಲಿಲ್ಲ.

"ಕರೆಂಟ್ ಹೋಗೇತಂತ ಮಾಲಕರ ಹೇಳ್ಯಾರಲ್ಲ?"

ಗಂಡ ಅವನ ಕೊಡಲಿಯ ಕಾವನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ನನಗೂ ಹಂಗ ಹೇಳಿದ್ರು," ಎಂದ. ಹಿಡಿದ ಕಾವು ಬಿಡಲಿಲ್ಲ.