ಅಕ್ಕನ ಚೀಲ

ಬಸ್ ಡಿಪೋದಲ್ಲಿ ಅವನ ನಿಜವಾದ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಬ್ರೇಕಪ್ಪ. ರಸ್ತೆಯ ಮೇಲೆ ಒಣಗಿದ ಎಲೆ ಹಾರಿದರೂ ಬ್ರೇಕಿನ ಮೇಲೆ ಕಾಲಿಡುತ್ತಾನೆ ಎಂಬುದು ಅವನ ಮೇಲಿನ ಆರೋಪ. ಆರೋಪ ಸುಳ್ಳೇನಲ್ಲ. ಆದರೆ ಅವನ ಬಸ್ಸಿನಲ್ಲಿ ಮುದುಕಿಯರು ನಿಂತುಕೊಂಡೇ ಉಣ್ಣೆ ಹೆಣೆಯುತ್ತ ಹೋಗಬಹುದಿತ್ತು, ಒಂದು ನಾಯಿಮರಿಗೂ ಅವನ ಗಾಲಿ ತಾಗಿದ್ದಿಲ್ಲ. ದಿನವಿಡೀ ಅವನ ಕಣ್ಣು ಎಡಗನ್ನಡಿ, ಬಲಗನ್ನಡಿ, ತಲೆಯ ಮೇಲಿನ ಕನ್ನಡಿ ಎಂದು ಸುತ್ತುತ್ತಲೇ ಇರುತ್ತಿತ್ತು. ಮನೆಗೆ ಬಂದು ಊಟಕ್ಕೆ ಕೂತರೂ ಆ ಚಟ ಬಿಡದು. "ಹಿಂದೆ ಯಾವ ಲಾರೀನೂ ಬರ್ತಿಲ್ಲ, ಊಟ ಮಾಡಿ," ಎನ್ನುತ್ತಿದ್ದಳು ಹೆಂಡತಿ.

ಇಂಥ ಪ್ರಾಣಿ ಪ್ರತಿ ಬೇಸಿಗೆಯಲ್ಲಿ ರಜೆ ಹಾಕಿ, ನರಪಿಳ್ಳೆ ಕಾಣದ ಕಾಡಿನಲ್ಲಿ ನದಿಯಿಂದ ಸರೋವರಕ್ಕೆ, ಸರೋವರದಿಂದ ಮತ್ತೊಂದು ನದಿಗೆ ದೋಣಿಯಲ್ಲಿ ತಿರುಗಿ ಬರುತ್ತದೆ ಎಂದರೆ ಡಿಪೋದವರು ನಂಬುತ್ತಿರಲಿಲ್ಲ. ಎರಡು ತುದಿಯೂ ಚೂಪಾದ, ಮೈ ಕಿರಿದಾದ ಹಗುರ ದೋಣಿ. ಕೆನೂ ಎನ್ನುತ್ತಾರಲ್ಲ, ಅದು. ಅದನ್ನು ಕಟ್ಟಿದವರು ಅವನ ಭಾವ. ವೃತ್ತಿಯಲ್ಲಿ ಬಡಗಿ. ಮರದ ತೆಳು ಪಟ್ಟಿಗಳನ್ನು ಬಿಸಿನೀರಿನ ಹಬೆಯಲ್ಲಿ ಬಾಗಿಸಿ, ಮೇಲೆ ಕ್ಯಾನ್ವಾಸ್ ಎಳೆದು, ಬಣ್ಣ ಬಳಿದು ತಮ್ಮ ಕೊಟ್ಟಿಗೆಯಲ್ಲೇ ಮಾಡಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ನಿಜವಾದರೆ ಭಾವನಷ್ಟು ಶ್ರೀಮಂತರು ಆ ಬೀದಿಯಲ್ಲಿ ಬೇರೊಬ್ಬರಿರಲಿಲ್ಲ.

ಬೆಳ್ಳಿಯ ವ್ಯವಹಾರವೆಲ್ಲ ಅಕ್ಕನದು. ತಾಯಿ ಕಾರ್ಖಾನೆಗೆ ಹೋಗುತ್ತಿದ್ದ ದಿನಗಳಲ್ಲಿ ಬ್ರೇಕಪ್ಪನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು ಅವಳು. ಮುಂದೆ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸಕ್ಕೆ ಸೇರಿದಳು. ಎಂಥ ದೊಡ್ಡ ಹೊದಿಕೆಯೂ ಅವಳ ಕೈಯಲ್ಲಿ ಎರಡು ಸಲ ತಿರುಗಿದರೆ ಪುಸ್ತಕದಷ್ಟಾಗುತ್ತಿತ್ತು. ಮದುವೆಯ ಮರುವರ್ಷ, ಪರೀಕ್ಷೆಯಲ್ಲಿ ನಪಾಸಾಗಿ ಗೋಡೆ ನೋಡುತ್ತ ಕೂತಿದ್ದ ತಮ್ಮನನ್ನು ಎಳೆದು ತಂದು ಗಂಡನ ದೋಣಿಯಲ್ಲಿ ಕೂರಿಸಿದಳು. "ಗೋಡೆ ಎಲ್ಲೂ ಓಡಿ ಹೋಗಲ್ಲ, ಬಂದು ನೋಡ್ಕೊಳ್ಳೋವಂತೆ," ಅಂದಿದ್ದಳು. ಅವತ್ತು ಹತ್ತಿದವನು ಮತ್ತೆ ಒಂದು ಬೇಸಿಗೆಯನ್ನೂ ತಪ್ಪಿಸಲಿಲ್ಲ.

ಕೂರುವ ಜಾಗ ಅವತ್ತೇ ಗೊತ್ತಾಗಿಹೋಗಿತ್ತು. ಹಿಂದೆ ಭಾವ, ದೋಣಿಯ ದಿಕ್ಕು ಹಿಂದಿನವರ ಕೈಯ ಹುಟ್ಟಿನಲ್ಲಿರುತ್ತದೆ. ಮುಂದೆ ಬ್ರೇಕಪ್ಪ, ನೀರಿನೊಳಗಿನ ಬಂಡೆ ಕಂಡರೆ ಕೂಗಿ ಹೇಳುವುದು ಅವನ ಪಾಲು. ನಡುವೆ ಚೀಲಗಳಿಗೆ ಒರಗಿಕೊಂಡು ಅಕ್ಕ, ಇಬ್ಬರಿಗೂ ಬುದ್ಧಿ ಹೇಳುತ್ತ. "ಊರಲ್ಲಿ ಬಸ್ಸು ಓಡಿಸೋನು ಇಲ್ಲಿ ಮುಂದಿನ ಸೀಟಿನ ಪ್ಯಾಸೆಂಜರು," ಎಂದು ಅವಳು ಪ್ರತಿವರ್ಷ ಅದೇ ತಮಾಷೆ ಮಾಡುತ್ತಿದ್ದಳು, ಪ್ರತಿವರ್ಷ ತಾನೇ ಮೊದಲು ನಗುತ್ತಿದ್ದಳು. ಜಗಳ ಬಂದರೆ ಬ್ರೇಕಪ್ಪ ಭಾವನ ಪಕ್ಷ. "ಅಕ್ಕನ ಹಗೆ, ಭಾವನ ನೆಂಟು ಅಂತ ಸುಮ್ನೆ ಹೇಳಿದಾರಾ," ಎಂದು ನೀರೆರಚುವಳು.

ನದಿಯಲ್ಲಿ ಜಲಪಾತ ಬಂದಲ್ಲಿ, ಎರಡು ಸರೋವರಗಳ ನಡುವೆ ನೆಲ ಅಡ್ಡ ಬಂದಲ್ಲಿ ಎಲ್ಲವನ್ನೂ ಇಳಿಸಿ ಹೊತ್ತು ನಡೆಯಬೇಕು. ಆ ಕಾಲುಹಾದಿಗೆ ಅವರು ಹೊರೆದಾರಿ ಎನ್ನುತ್ತಿದ್ದರು. ಬೇರೆಯವರು ಒಮ್ಮೆ ದೋಣಿ ದಾಟಿಸಿ, ಚೀಲಗಳಿಗೆ ಮತ್ತೆ ಹಿಂದೆ ಬರುತ್ತಾರೆ. ಇವರದು ಒಂದೇ ನಡಿಗೆ. ಭಾವನ ಭುಜದ ಮೇಲೆ ಮಗುಚಿದ ದೋಣಿ. ಬ್ರೇಕಪ್ಪನ ಬೆನ್ನಿಗೆ ಊಟದ ಚೀಲ, ಕೈಯಲ್ಲಿ ಹುಟ್ಟುಗಳು. ಅಕ್ಕನಿಗೆ ಟಾರ್ಪಾಲು, ಹಗ್ಗ, ಬೆಂಕಿಪೊಟ್ಟಣ, ಕೆಟಲು, ಲೋಟಗಳಿದ್ದ ಹಸಿರು ಚೀಲ. ಎರಡು ಸಲ ನಡೆಯುವವರನ್ನು ಕಂಡರೆ ಮೂವರಿಗೂ ಸ್ವಲ್ಪ ಜಂಬವೇ ಬರುತ್ತಿತ್ತು.

ಆ ಅಕ್ಕ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕೆಮ್ಮು ಎಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಬ್ರೇಕಪ್ಪ ಕೆಲಸಕ್ಕೆ ಮರಳಿದ ದಿನ ಡಿಪೋದ ಮೆಕ್ಯಾನಿಕ್ಕು, ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡು, "ಏನ್ ಮಾಡೋಕಾಗುತ್ತೆ, ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುತ್ತಾ," ಅಂದ. ಗಾದೆ ಮಾಡಿದವನ ಅಕ್ಕ ಬದುಕಿದ್ದಿರಬೇಕು. ಬ್ರೇಕಪ್ಪ ಆ ಮೆಕ್ಯಾನಿಕ್ಕಿನ ಜೊತೆ ಬಹಳ ದಿನ ಚಹಾ ಕುಡಿಯಲಿಲ್ಲ.

ಅಮಾವಾಸ್ಯೆಯ ಚಿಂತೆ ಅವನಿಗಿರಲಿಲ್ಲ. ಚಿಂತೆ ಬೇರೆಯದು, ಬಾಯಿಬಿಟ್ಟು ಹೇಳಿಕೊಳ್ಳಲಾಗದ್ದು. ಅಕ್ಕನಿಂದಾಗಿ ಭಾವ ಭಾವನಾಗಿದ್ದರು. ಅಕ್ಕನೇ ಇಲ್ಲದ ಮೇಲೆ ತಾನು ಅವರಿಗೆ ಏನು? ಭಾವನ ಮನೆಗೆ ಹೋದರೆ ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಬದಿ ಕೂತು ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತಿದ್ದರು. ಅಷ್ಟರಲ್ಲಿ ಅವನ ಹೆಂಡತಿ ಅಂಗಡಿಯಿಂದ ಸುದ್ದಿ ತಂದಳು: ಭಾವ ದೋಣಿ ಮಾರುತ್ತಾರಂತೆ, ಯಾರೋ ಬಂದು ನೋಡಿಕೊಂಡು ಹೋದರಂತೆ. ಕೇಳೋಣವೆಂದರೆ ಆ ಮಾತು ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು. ಬೇಸಿಗೆ ಹತ್ತಿರವಾದಾಗ ಭಾವನೇ ಫೋನ್ ಮಾಡಿ, "ರಜೆ ಹಾಕಿದೀಯಾ?" ಎಂದರು. "ಹಾಕಿದೀನಿ," ಎಂದ. ಅಷ್ಟೇ ಮಾತು. ಕಡೆಯ ಸಲ ಕರೆದುಕೊಂಡು ಹೋಗಿ ಕೈತೊಳೆದುಕೊಳ್ಳುತ್ತಾರೆ ಎಂದು ಅವನ ಮನಸ್ಸು ಹೇಳಿತು.

ಹಾಗೆ ಎನ್ನಿಸಲು ನೀರಿಗಿಳಿಯುವ ಮೊದಲೇ ಕಾರಣ ಸಿಕ್ಕಿತು. ದೋಣಿಗಟ್ಟೆಯಲ್ಲಿ ಕಾವಲುಗಾರ ಹೊಸಬ. "ಇಬ್ಬರೇನಾ? ಇವರು ನಿಮಗೇನಾಗಬೇಕು?" ಎಂದು ಭಾವನನ್ನು ಕೇಳಿದ. ಭಾವ ಹಗ್ಗ ಬಿಗಿಯುತ್ತಿದ್ದವರು ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟುತ್ತ, "ಜೊತೆಗೆ ಬಂದಿದಾರೆ," ಎಂದರು. ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಜೊತೆಗೇ ಬಂದಿರುತ್ತಾರೆ.

ಮಧ್ಯಾಹ್ನದವರೆಗೆ ನದಿ ಸುಮ್ಮನೆ ಹರಿಯಿತು. ಎರಡು ದಡದಲ್ಲೂ ಕಾಡು ನೀರಿನವರೆಗೆ ಬಂದು ನಿಂತಿತ್ತು. ಬ್ರೇಕಪ್ಪ ಬಂಡೆ ಕಂಡಾಗ "ಎಡಕ್ಕೆ" ಅನ್ನುವನು, "ಬಲಕ್ಕೆ" ಅನ್ನುವನು; ದೋಣಿ ಹಾಗೇ ತಿರುಗುವುದು. ಬೇರೆ ಮಾತಿಲ್ಲ. ಅವರಿಬ್ಬರ ನಡುವಿನ ಖಾಲಿ ಜಾಗದಲ್ಲಿ ಎರಡು ಚೀಲಗಳು ಒಂದಕ್ಕೊಂದು ಒರಗಿದ್ದವು. ಮೊದಲ ಜಲಪಾತದ ಸದ್ದು ಕೇಳಿದಾಗ ದಡಕ್ಕೆ ಬಂದರು, ಎಲ್ಲವನ್ನೂ ಇಳಿಸಿದರು. ಭಾವ ದೋಣಿಯನ್ನು ಮಗುಚಿ ಭುಜಕ್ಕೇರಿಸಿಕೊಂಡರು. ದೋಣಿಯಡಿ ತಲೆ ಹೋದ ಮೇಲೆ ಮನುಷ್ಯನಿಗೆ ತನ್ನ ಕಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಬ್ರೇಕಪ್ಪ ಊಟದ ಚೀಲ ಬೆನ್ನಿಗೇರಿಸಿ, ಹುಟ್ಟುಗಳನ್ನು ಹಿಡಿದು ಹಿಂಬಾಲಿಸಿದ. ಬೇರುಗಳನ್ನು ದಾಟಿ, ಕೆಸರು ತುಳಿದು, ಏದುಸಿರು ಬಿಡುತ್ತ ಆಚೆ ತಲುಪಿದರು. ಅಲ್ಲಿಂದ ದೊಡ್ಡ ಸರೋವರ. ಅದನ್ನೂ ದಾಟಿ, ಪ್ರತಿವರ್ಷ ಉಳಿಯುವ ನಡುಗಡ್ಡೆ ಮುಟ್ಟುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು.

"ಮಳೆ ಬರುತ್ತೆ, ಟಾರ್ಪಾಲು ತೆಗಿ," ಎಂದರು ಭಾವ.

ಬ್ರೇಕಪ್ಪ ದೋಣಿಯೊಳಗೆ ನೋಡಿದ. ಊಟದ ಚೀಲವೊಂದೇ ಇತ್ತು.

"ಹಸಿರು ಚೀಲ ಎಲ್ಲಿ?"

"ನೀನು ತಂದಿಲ್ವಾ?"

"ನೀವು ತರ್ತೀರ ಅಂದ್ಕೊಂಡೆ."

"ತಲೆ ಮೇಲೆ ದೋಣಿ ಇಟ್ಕೊಂಡು ಅದನ್ನೂ ತರ್ಲಾ?"

"ನನಗೇನು ನಾಲ್ಕು ಕೈ ಇದೆಯಾ? ಅದು ಯಾವತ್ತಾದ್ರೂ ನನ್ನ ಚೀಲ ಆಗಿತ್ತಾ?"

"ನನ್ನದೂ ಅಲ್ಲ," ಎಂದರು ಭಾವ.

ಹಾಗಾದರೆ ಯಾರದು ಎಂದು ಇಬ್ಬರೂ ಕೇಳಲಿಲ್ಲ. ಇಷ್ಟು ವರ್ಷಗಳಲ್ಲಿ ಆ ಚೀಲ ತಾನಾಗಿಯೇ ಹೊರೆದಾರಿ ದಾಟುತ್ತಿತ್ತು. ಅದನ್ನು ಹೊರಬೇಕೆಂದು ಇಬ್ಬರ ಬೆನ್ನಿಗೂ ಗೊತ್ತಿರಲಿಲ್ಲ. ಬ್ರೇಕಪ್ಪನಿಗೆ ಅಳು ಬರುವುದರಲ್ಲಿತ್ತು, ಬಂದದ್ದು ಸಿಟ್ಟು. "ಹೋಗ್ಲಿ ಬಿಡಿ. ಹೇಗೂ ದೋಣಿ ಮಾರೋರು. ಚೀಲ ಕಟ್ಕೊಂಡು ಏನ್ ಮಾಡ್ತೀರ," ಎಂದುಬಿಟ್ಟ.

ಭಾವ ಅವನ ಮುಖವನ್ನೇ ನೋಡಿದರು. "ದೋಣಿ ಹತ್ತು, ಕತ್ತಲಾಗೋದ್ರೊಳಗೆ ತಂದುಬಿಡೋಣ," ಎಂದು ದಡದಿಂದ ಒಂದು ಕಲ್ಲು ಎತ್ತಿ ದೋಣಿಯ ನಡುವೆ ಇಟ್ಟರು. ಇನ್ನೊಂದು ಎತ್ತಿದರು. ಗಾಳಿ ಎದ್ದಿತ್ತು, ಭಾರವಿಲ್ಲದ ದೋಣಿಯನ್ನು ಅಲೆ ಮಗುಚಿ ಹಾಕುತ್ತದೆ. ಬ್ರೇಕಪ್ಪನಿಗೆ ಅದು ತಿಳಿಯದ್ದೇನಲ್ಲ. ಆದರೂ ಅವನಿಂದ ತಡೆಯಲಾಗಲಿಲ್ಲ.

"ಅವಳ ಜಾಗದಲ್ಲಿ ಕಲ್ಲಾ, ಭಾವ?"

ಭಾವ ಮೂರನೆಯ ಕಲ್ಲನ್ನು ಹಿಡಿದುಕೊಂಡೇ ನಿಂತರು. "ನಿಮ್ಮಕ್ಕನಷ್ಟು ಮಾತಾಡಲ್ಲ ಇದು," ಎಂದರು.

ಮೊದಲು ನಕ್ಕದ್ದು ಯಾರೋ ತಿಳಿಯದು. ಚಳಿಗಾಲದಿಂದ ಕಟ್ಟಿಕೊಂಡಿದ್ದ ನಗು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ದಡದಲ್ಲಿ ನಕ್ಕರು. ನಗು ಮುಗಿಯುವಾಗ ಇಬ್ಬರೂ ಕಣ್ಣೊರೆಸಿಕೊಳ್ಳುತ್ತಿದ್ದರು.

ವಾಪಸು ದಾಟುವಾಗ ಅಲೆಗಳು ದೋಣಿಯ ಅಂಚಿಗೆ ಬಡಿದವು. ಬ್ರೇಕಪ್ಪನ ಮುಖಕ್ಕೆ ನೀರು ರಾಚುತ್ತಿತ್ತು, ಮುಂದಿನದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಒಂದೊಂದು ಅಲೆ ಬಂದಾಗಲೂ ದೋಣಿ ಮೂತಿ ತಿರುಗಿಸಿ ಅದನ್ನು ಓರೆಯಾಗಿ ಹತ್ತುತ್ತಿತ್ತು. ಹಿಂದಿನ ಹುಟ್ಟು ತನ್ನ ಕೆಲಸ ಮಾಡುತ್ತಿದೆ ಎಂದು ಅವನಿಗೆ ಮೈಯಲ್ಲೇ ತಿಳಿಯುತ್ತಿತ್ತು. ಅವನು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಹೊರೆದಾರಿಯ ಆ ತುದಿಗೆ ಓಡಿ ಹೋದಾಗ ಹಸಿರು ಚೀಲ ಮರದ ಬುಡದಲ್ಲಿ ಒರಗಿ ಕೂತಿತ್ತು. ಅಕ್ಕ ಯಾವಾಗಲೂ ಅದನ್ನು ಒರಗಿಸುತ್ತಿದ್ದ ಮರವೇ. ಇಳಿಸುವಾಗ ಯಾರ ಕೈಯೋ ಅಭ್ಯಾಸಬಲದಿಂದ ಅಲ್ಲಿಟ್ಟಿತ್ತು. ಮಳೆ ಹನಿಯತೊಡಗಿತು. ಅಲ್ಲೇ ಟಾರ್ಪಾಲು ಎಳೆದು ತೆಗೆದರು. ಅಕ್ಕನ ಕೈಯ ಮಡಿಕೆ ಅದಕ್ಕಿರಲಿಲ್ಲ, ಭಾವ ಹೇಗೋ ಮುದುಡಿ ತುರುಕಿದ್ದರು. ನಾಲ್ಕು ಮರಗಳಿಗೆ ಹಗ್ಗ ಕಟ್ಟಿ, ಅದರಡಿಯಲ್ಲಿ ಬೆಂಕಿ ಹೊತ್ತಿಸಿ, ಚಹಾಕ್ಕೆ ನೀರಿಟ್ಟರು. ಬ್ರೇಕಪ್ಪ ಲೋಟ ತೆಗೆಯಲು ಚೀಲದೊಳಗೆ ಕೈ ಹಾಕಿದ. ಒಂದು ಬಂತು, ಎರಡು ಬಂತು, ಮೂರನೆಯದೂ ಬಂತು.

"ಮೂರು ಇಟ್ಟಿದೀರ ಭಾವ."

ಭಾವ ಬೆಂಕಿಗೆ ಕಡ್ಡಿ ಹಾಕುತ್ತಿದ್ದರು. "ಎರಡೇ ಇಡೋಣ ಅಂದ್ಕೊಂಡೆ. ಆ ಮೂರನೇದನ್ನ ಮನೇಲಿ ಎಲ್ಲಿಡಬೇಕು ಅಂತ ಗೊತ್ತಾಗ್ಲಿಲ್ಲ."

ಮಳೆ ಜೋರಾಯಿತು. ಸ್ವಲ್ಪ ಹೊತ್ತಾದ ಮೇಲೆ, ಕೇಳದಿದ್ದರೂ, ಅವರೇ ಹೇಳಿದರು. "ದೋಣಿ ನೋಡೋಕೆ ಬಂದಿದ್ದು ನಿಜ. ಒಬ್ಬನ ಕೈಲಿ ನಡೆಸೋಕಾಗಲ್ಲ ಇದು. ನೀನು ಬರ್ತಿದ್ದಿದ್ದು ನಿಮ್ಮಕ್ಕನಿಗೋಸ್ಕರ. ಇನ್ಮೇಲೆ ನಿನ್ನ ರಜೆ ಹಾಳು ಮಾಡೋಕೆ ನನಗೇನು ಹಕ್ಕಿದೆ?"

"ಅದಕ್ಕೇನಾ ಗಟ್ಟೇಲಿ ಯಾರೋ ದಾರೀಲಿ ಸಿಕ್ಕೋನ ಥರ ಹೇಳಿದ್ದು?"

"ಮೈದುನ ಅನ್ನೋಣ ಅಂತ ಬಾಯಿಗೆ ಬಂತು ಕಣೋ. ಇನ್ನೂ ಹಾಗನ್ನಬಹುದಾ ಅಂತ ನಿನ್ನ ಕೇಳಿರಲಿಲ್ಲವಲ್ಲ."

ಬ್ರೇಕಪ್ಪ ಬಿಸಿ ಲೋಟವನ್ನು ಕೈಯಿಂದ ಕೈಗೆ ಬದಲಿಸಿದ. ಇಷ್ಟು ದಿನ ತನ್ನ ಎದೆಯಲ್ಲಿ ಕುಟುಕುತ್ತಿದ್ದ ಹುಳವೇ ಭಾವನ ಎದೆಯಲ್ಲೂ ಇತ್ತು ಎಂದು ತಿಳಿದು ಅವನಿಗೆ ಒಮ್ಮೆಲೇ ಹಗುರವಾಯಿತು.

"ಅಕ್ಕನಿಗೋಸ್ಕರ ಬಂದಿದ್ದು ಮೊದಲನೇ ವರ್ಷ ಮಾತ್ರ ಭಾವ," ಎಂದ. "ಅದೂ ಅವಳು ಕಿವಿ ಹಿಡಿದು ತಂದಿದ್ದಕ್ಕೆ. ದಿನಾ ಕನ್ನಡಿ ನೋಡಿ ನೋಡಿ ನನ್ನ ಕುತ್ತಿಗೆ ಬಿದ್ದುಹೋಗಿರುತ್ತೆ. ಹಿಂದೆ ಯಾರು ಬರ್ತಾರೆ, ಎಲ್ಲಿ ನುಗ್ತಾರೆ ಅಂತ. ಈ ದೋಣೀಲಿ ಕೂತಾಗ ಮಾತ್ರ ಹಿಂದೆ ನೋಡ್ಬೇಕು ಅನ್ಸಲ್ಲ. ನೀವಿರ್ತೀರಲ್ಲ."

ಭಾವ ಮೂರನೆಯ ಲೋಟಕ್ಕೂ ಚಹಾ ಸುರಿದು, ಕಲ್ಲಿನ ಮೇಲಿಟ್ಟರು. ಅದು ಆರುವವರೆಗೆ ಇಬ್ಬರೂ ಮುಟ್ಟಲಿಲ್ಲ. ಆಮೇಲೆ ಅರ್ಧರ್ಧ ಕುಡಿದರು. ಅಕ್ಕ ಪದಾರ್ಥ ಚೆಲ್ಲುವವರನ್ನು ಕಂಡರೆ ಉರಿದುಬೀಳುತ್ತಿದ್ದಳು.

ಮುಂದಿನ ಹೊರೆದಾರಿಗಳನ್ನೆಲ್ಲ ಅವರು ಎರಡು ಸಲ ನಡೆದರು. ಮೊದಲು ದೋಣಿ ಮತ್ತು ಊಟದ ಚೀಲ, ಆಮೇಲೆ ಹಸಿರು ಚೀಲ. ಜಂಬ ಹೋದರೆ ಹೋಯಿತು. ಚೀಲ ತರಲು ಬರಿಗೈಯಲ್ಲಿ ಹಿಂದಿರುಗುವ ಆ ನಡಿಗೆ ಇಬ್ಬರಿಗೂ ಹೊಸದು. ಇಷ್ಟು ವರ್ಷ ಆ ದಾರಿಗಳಲ್ಲಿ ಒಬ್ಬರ ತಲೆ ದೋಣಿಯಡಿ, ಇನ್ನೊಬ್ಬನ ಕಣ್ಣು ಬೇರಿನ ಮೇಲೆ. ಈಗ ಅಕ್ಕಪಕ್ಕ ನಡೆಯುತ್ತ ಹಕ್ಕಿ ನೋಡಿದರು, ಅಕ್ಕನನ್ನು ಆಡಿಕೊಂಡರು. ಅವಳ ಗೊರಕೆಯ ವಿಷಯ ಭಾವ ಹೇಳಿದಾಗ ಬ್ರೇಕಪ್ಪ ತಾನು ಚಿಕ್ಕಂದಿನಲ್ಲಿ ಅದನ್ನು ರೈಲೆಂದು ತಿಳಿದಿದ್ದೆ ಎಂದ. ಅದೊಂದು ಪ್ರವಾಸದಲ್ಲಿ ಭಾವ ಆಡಿದ ಮಾತು ಅವರ ಹಿಂದಿನ ಮಾತನ್ನೆಲ್ಲ ಗುಡ್ಡೆ ಹಾಕಿದರೂ ಮಿಗುವಷ್ಟಿತ್ತು. ಚೀಲವನ್ನು ಸರದಿಯ ಮೇಲೆ ಹೊತ್ತರು. ಅದು ಇಷ್ಟು ಭಾರವೆಂದು ಇಬ್ಬರಿಗೂ ಗೊತ್ತಿರಲಿಲ್ಲ, ಅವಳು ಒಂದು ದಿನವೂ ಹೇಳಿರಲಿಲ್ಲ.

ತಿರುಗಿ ದೋಣಿಗಟ್ಟೆಗೆ ಬಂದಾಗ ಅದೇ ಕಾವಲುಗಾರ ದೋಣಿಯ ಮೂತಿ ಹಿಡಿದು ಎಳೆದುಕೊಂಡ. "ಚೆನ್ನಾಗಿದೆ ದೋಣಿ. ಕೈಯಲ್ಲಿ ಮಾಡಿದ್ದಾ? ಮುಂದಿನ ವರ್ಷಾನೂ ತರ್ತೀರಾ?" ಎಂದು ಭಾವನನ್ನು ಕೇಳಿದ.

ಭಾವ ಕೊನೆಯ ಹೊರೆದಾರಿ ದಾಟಿದ ಮೇಲೆ ಮತ್ತೆ ನಡುವೆ ಇಟ್ಟುಕೊಂಡಿದ್ದ ಕಲ್ಲುಗಳನ್ನು ಒಂದೊಂದಾಗಿ ತೆಗೆದು ನೀರಿಗೆ ಬಿಡುತ್ತಿದ್ದರು. ತಲೆ ಎತ್ತದೆಯೇ ಗಲ್ಲದಿಂದ ಬ್ರೇಕಪ್ಪನ ಕಡೆ ತೋರಿಸಿದರು.

"ನನ್ನ ಮೈದುನನ್ನ ಕೇಳಪ್ಪ. ರಜೆ ಅವನಿಗೆ ಸಿಗ್ಬೇಕು."

ಬ್ರೇಕಪ್ಪ ಹಸಿರು ಚೀಲವನ್ನು ಬೆನ್ನಿಗೇರಿಸಿಕೊಳ್ಳುತ್ತಿದ್ದ, ಅವತ್ತು ಅವನ ಸರದಿ. "ಸಿಗುತ್ತೆ," ಎಂದ.