ಸ್ಟ್ರೆಚರ್ ಮೇಲೆ ಬಂದವಳು

ದೆವ್ವ, ಗಾಳಿ, ಸೋಂಕು ಇಂಥವನ್ನು ನಾನು ನಂಬಿದವಳಲ್ಲ. ಚಿಕ್ಕಂದಿನಲ್ಲಿ ಅಮ್ಮಿಯ ಜೊತೆ ಮುರುಗಮಲ್ಲದ ದರ್ಗಾಕ್ಕೆ ಹೋದಾಗ, ಕೂದಲು ಕೆದರಿಕೊಂಡು ಕೂಗಾಡುವ ಹೆಂಗಸರನ್ನು ಕಂಡು ಹೆದರಿ ಅವಳ ಬುರ್ಖಾದ ಹಿಂದೆ ಅಡಗಿಕೊಳ್ಳುತ್ತಿದ್ದೆ. ಅಮ್ಮಿ ನನ್ನನ್ನು ಮುಂದಕ್ಕೆಳೆದು, ಅವರಿಗೆ ಮೈಗೆ ಹುಷಾರಿಲ್ಲ ಅಷ್ಟೇ, ಹೆದರೋದಕ್ಕೆ ಏನಿದೆ ಎನ್ನುತ್ತಿದ್ದಳು. ನಾನೂ ಹಾಗೇ ತಿಳಿದುಕೊಂಡು ಬೆಳೆದೆ. ಈಗ ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನೀವು ನಕ್ಕರೂ ನನಗೆ ಬೇಜಾರಿಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ನನಗೆ ಕೆಲಸ. ಅಮ್ಮಿ ತೀರಿಕೊಂಡ ಮೇಲೆ ನಾನು ಒಬ್ಬಳೇ. ಅಕ್ಕ ಮದುವೆಯಾಗಿ ಹಿಂದೂಪುರದಲ್ಲಿದ್ದಾಳೆ. ಕಾರ್ಖಾನೆಯಲ್ಲಿ ಮೆಷಿನ್ ಸದ್ದಿಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಸಂಜೆ ಬೀಗ ತೆಗೆದು ಒಳಗೆ ಹೋದರೆ ಬೆಳಗಿನವರೆಗೆ ಬಾಯಿ ತೆರೆಯುವ ಅಗತ್ಯವೇ ಇಲ್ಲ. ರಜೆಯ ದಿನ ಗಂಟಲು ಕಟ್ಟಿದ ಹಾಗಾಗಿ, ಬೇಡದಿದ್ದರೂ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೊಡಿ ಎಂದು ಕೇಳಿದ್ದುಂಟು.

ಒಂದು ಉರುಸಿನಲ್ಲಿ ಹೋಮ್ ಗಾರ್ಡ್ ಹೆಂಗಸರು ಜನರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮಧ್ಯಾಹ್ನ ಅವರೆಲ್ಲ ಗೋಡೆ ನೆರಳಲ್ಲಿ ಕೂತು ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈಹಾಕಿ ಊಟ ಮಾಡುವುದನ್ನು ನೋಡಿದೆ. ಹತ್ತಿರ ಹೋಗಿ, "ನಾನೂ ಸೇರಬಹುದಾ?" ಎಂದೆ. ಅವರಲ್ಲಿ ದಪ್ಪಗಿದ್ದ ಒಬ್ಬಾಕೆ, "ಊಟಕ್ಕಾ, ಡ್ಯೂಟಿಗಾ?" ಎಂದು ನಕ್ಕು, ಆಮೇಲೆ ಎಲ್ಲಿ ಅರ್ಜಿ ಹಾಕಬೇಕೆಂದು ಹೇಳಿದಳು.

ತರಬೇತಿ ಚಿಕ್ಕಬಳ್ಳಾಪುರದಲ್ಲಿ. ಹೆಂಗಸರದೇ ಒಂದು ತಂಡ. ಪರೇಡಿನ ಆಜ್ಞೆಗಳೆಲ್ಲ ಹಿಂದಿಯಲ್ಲಿದ್ದವು. ಮನೆಮಾತು ಉರ್ದು ಆದ್ದರಿಂದ ನನಗೆ ಕಷ್ಟವಾಗಲಿಲ್ಲ; ತಂಡದಲ್ಲಿ ಉರ್ದು ಮಾತಾಡುವವಳು ನಾನೊಬ್ಬಳೇ. ಪಕ್ಕದಲ್ಲಿ ನಿಲ್ಲುತ್ತಿದ್ದವಳು ಗೌರಿಬಿದನೂರು ಕಡೆಯ ಮಂಜುಳಾ. ತೆಲುಗು ಮನೆಮಾತಿನವಳು, ನನಗಿಂತ ತುಂಬಾ ಚಿಕ್ಕವಳು.

"ಅಕ್ಕಾ, ಬಾಯೇ ಅಂದ್ರೆ ಯಾವ ಕಡೆ?" ಎಂದು ದಿನಾ ಪಿಸುಗುಟ್ಟುವಳು.

"ಎಡಗಡೆ. ವಾಚ್ ಕಟ್ಟೋ ಕೈ ಕಣೇ."

ಅಷ್ಟು ಮಾತೇ ನನಗೆ ದೊಡ್ಡದಾಗಿತ್ತು. ಬಿಡುವಿನಲ್ಲಿ ಉಳಿದವರೆಲ್ಲ ಮಕ್ಕಳ ಸ್ಕೂಲು, ಅತ್ತೆ, ಗಂಡ ಎಂದು ಮಾತಿಗೆ ಕೂತರೆ ನನ್ನ ಹತ್ತಿರ ಸೇರಿಸಲು ಏನೂ ಇರುತ್ತಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.

ತರಬೇತಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ನಮ್ಮನ್ನು ವ್ಯಾನಿನಲ್ಲಿ ಮಂಡಿಕಲ್ ಕಡೆಗೆ ಕರೆದುಕೊಂಡು ಹೋದರು. ಅಲ್ಲೊಂದು ನಿಂತುಹೋದ ಕಲ್ಲುಕ್ವಾರಿ. ದಿನ್ನೆಯ ಮೇಲೆ ಕೆಲಸಗಾರರಿಗೆಂದು ಕಟ್ಟಿದ್ದ ಕೋಣೆಗಳ ಸಾಲು, ಚಾವಣಿ ಹೋಗಿ ಬರೀ ಗೋಡೆಗಳು ಉಳಿದಿದ್ದವು. ಮನೆ ಕುಸಿದಾಗ ಒಳಗೆ ಸಿಕ್ಕಿಕೊಂಡವರನ್ನು ಹುಡುಕಿ ಹೊತ್ತು ತರುವುದು ಅಂದಿನ ಪಾಠ. ನಮಗೆ ಕಲಿಸುತ್ತಿದ್ದ ಹಿರಿಯರೊಬ್ಬರನ್ನು ಎಲ್ಲರೂ ಸರ್ ಎಂದೇ ಕರೆಯುತ್ತಿದ್ದೆವು. ಅವರು ನನ್ನ ಕಡೆ ನೋಡಿ, "ನೀನು ಹಗುರ ಇದ್ದೀಯಮ್ಮ, ಗಾಯಾಳು ನೀನೇ ಆಗು. ಯಾವುದಾದ್ರೂ ರೂಮಲ್ಲಿ ಹೋಗಿ ಮಲಕ್ಕೋ. ತಲೆಗೆ ಪೆಟ್ಟಾಗಿದೆ, ಪ್ರಜ್ಞೆ ಇಲ್ಲ ನಿಂಗೆ. ಅವರಾಗೇ ಬಂದು ಎತ್ತೋವರೆಗೂ ಅಲ್ಲಾಡಬಾರದು, ಮಾತಾಡಬಾರದು" ಎಂದರು.

ಸಾಲಿನ ಕಟ್ಟಕಡೆಯ ಕೋಣೆಗೆ ಹೋಗಿ ಗೋಡೆ ಪಕ್ಕ ಮಲಗಿದೆ. ನೆಲ ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಸೀಟಿ ಊದಿದ್ದು ಕೇಳಿಸಿತು. ಮೊದಲ ಕೋಣೆಗಳ ಕಡೆಯಿಂದ ಹೆಜ್ಜೆಗಳು, ಮಾತು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಇಷ್ಟು ಜನ ಸೇರಿ ನನ್ನನ್ನು ಹುಡುಕಿದ್ದು ಹಿಂದೆ ಯಾವಾಗಲೂ ಇಲ್ಲ.

"ಸರ್, ಸಿಕ್ಕಿದ್ರು! ಇಲ್ಲಿದ್ದಾರೆ!" ಎಂದು ಮಂಜುಳಾ ಕೂಗಿದಳು. ಕೂಗು ಬಂದದ್ದು ದೂರದಿಂದ. ಆಮೇಲೆ "ನಿಧಾನ, ತಲೆ ಹಿಡ್ಕೊಳ್ರೇ", "ಎತ್ತಿ" ಎನ್ನುವುದೂ ಕೇಳಿಸಿತು. ಹೆಜ್ಜೆಗಳು ದಿನ್ನೆ ಇಳಿದುಹೋದವು. ನನಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬಳನ್ನೂ ಮಲಗಿಸಿರಬೇಕು, ಅವಳನ್ನು ಇಳಿಸಿ ನನ್ನನ್ನು ಒಯ್ಯಲು ಬರುತ್ತಾರೆ ಅಂದುಕೊಂಡೆ.

ಯಾರೂ ಬರಲಿಲ್ಲ. ಎಲ್ಲೋ ಮೇಕೆಗಳ ಗಂಟೆ ಸದ್ದು ಹತ್ತಿರ ಬಂದು ದೂರವಾಯಿತು. ಇರುವೆಗಳು ಕತ್ತಿನ ಮೇಲೆ ಹರಿದವು. ಗೋಡೆಯ ನೆರಳು ಕಾಲಿನಿಂದ ಮುಖದವರೆಗೆ ಬಂತು. ಎದ್ದುಬಿಡಬಹುದಿತ್ತು. ಆದರೆ ಎದ್ದರೆ ನನ್ನನ್ನು ಮರೆತಿದ್ದಾರೆ ಎಂದು ಒಪ್ಪಿಕೊಂಡ ಹಾಗೆ. ಅದಕ್ಕೇ ಮಲಗಿಯೇ ಇದ್ದೆ. ಇತ್ತಾ ದೇರ್ ಕೈಕು, ಯಾಕಿಷ್ಟು ಹೊತ್ತು ಮಾಡ್ತಿದ್ದಾರೆ, ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಬಿಸಿಲು ಹಳದಿಯಾದಾಗ ಮೈ ಕೊಡವಿಕೊಂಡು ಎದ್ದು ಕೆಳಗೆ ನಡೆದೆ.

ವ್ಯಾನಿನ ಆ ಬದಿಯಲ್ಲಿ ನಿಂತು ಎಲ್ಲರೂ ಟೀ ಕುಡಿಯುತ್ತಿದ್ದರು. ನನ್ನನ್ನು ಮೊದಲು ನೋಡಿದ್ದು ಮಂಜುಳಾ.

"ಯಾವಾಗ ಎದ್ದೋದೆ ಅಕ್ಕಾ? ಇಲ್ಲೇ ಮಲಗಿದ್ಯಲ್ಲಾ?"

"ಎಲ್ಲಿ?"

ಅವಳು ಈಚೆ ಬದಿಯ ಹೊಂಗೆಮರದ ಕಡೆ ತಿರುಗಿದಳು. ಮರದ ಕೆಳಗೆ ಸ್ಟ್ರೆಚರ್ ಇತ್ತು. ಮೇಲೆ ಒಂದು ಕಂಬಳಿ, ಬಿಚ್ಚಿ ಮಡಿಸಿಟ್ಟ ಒಂದು ಬ್ಯಾಂಡೇಜ್. ಮನುಷ್ಯರು ಯಾರೂ ಇರಲಿಲ್ಲ.

"ನಾನು ಈಗಷ್ಟೇ ಬರ್ತಿದ್ದೀನಿ. ನನ್ನನ್ನ ಯಾರೂ ಎತ್ತೇ ಇಲ್ಲ" ಎಂದೆ.

ಮೊದಲು ಎಲ್ಲರೂ ನಕ್ಕರು. ಹೊತ್ತು ತಂದಿದ್ದ ನಾಲ್ವರಲ್ಲಿ ಒಬ್ಬಳು ಭುಜ ತೋರಿಸಿ, "ಸರ್ ಹಗುರ ಅಂದ್ರು, ನೋಡಿದ್ರೆ ಕಲ್ಲಿದ್ದಂಗಿದ್ದೆ ನೀನು" ಎಂದಳು. ನಾನು ನಗದೇ ನಿಂತಿದ್ದನ್ನು ನೋಡಿ ಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿದರು. ಬಂದವರೆಲ್ಲ ಇದ್ದರು. ಲೆಕ್ಕಕ್ಕಿಂತ ಹೆಚ್ಚಾಗಿ ಒಬ್ಬರೂ ಇಲ್ಲ. ಅವರು ನಮ್ಮನ್ನು ಕರೆದುಕೊಂಡು ಮತ್ತೆ ಮೇಲೆ ಹೋದರು. ಮೊದಲನೇ ಕೋಣೆಯ ಧೂಳಿನಲ್ಲಿ ಯಾರೋ ಮಲಗಿದ್ದ ಗುರುತು. ಕಡೆಯ ಕೋಣೆಯಲ್ಲಿ ನಾನು ಮಲಗಿದ್ದ ಗುರುತು.

ಮಂಜುಳಾಳನ್ನು ಕೇಳಿದೆ, "ಮುಖ ನೋಡ್ಲಿಲ್ವೇನೇ?"

"ಅತ್ಲಾಗೆ ತಿರುಗಿ ಮಲಗಿದ್ಳು. ತಲೆಗೆ ಬ್ಯಾಂಡೇಜ್ ಸುತ್ತಿದ್ವಿ. ಪ್ಯಾಂಟು, ಟೀ ಶರ್ಟು ನಮ್ಮ ಟ್ರೈನಿಂಗ್‌ದೇ. ಅಲ್ಲಿ ಇನ್ಯಾರಿರ್ತಾರೆ, ನೀನೇ ಅಂದ್ಕೊಂಡೆ ಅಕ್ಕಾ."

ಅಷ್ಟು ದಿನ ಪಕ್ಕದಲ್ಲಿ ನಿಂತವಳು. ಹೆದರಿಕೆಗಿಂತ ಮೊದಲು ಆ ಮಾತು ನನ್ನನ್ನು ಚುಚ್ಚಿತು.

ಕೆಳಗೆ ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನನ್ನು ಸರ್ ವಿಚಾರಿಸಿದರು. ಈ ಕಡೆ ಹೆಂಗಸರು ಯಾರೂ ಬರುವುದಿಲ್ಲ ಎಂದು ಅವನು ತೆಲುಗಿನಲ್ಲಿ ಹೇಳಿದ. ಕ್ವಾರಿಯಲ್ಲಿ ಯಾರಾದರೂ ಸತ್ತಿದ್ದರಾ ಎಂದು ಒಬ್ಬಳು ಕೇಳಿಯೇಬಿಟ್ಟಳು. ಇಲ್ಲವಮ್ಮ, ಕೆಲಸ ನಿಂತಿತು, ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಹೋದರು ಅಷ್ಟೇ, ಎಂದ. ಯಾರೋ ಹಳ್ಳಿಯವಳು ತಮಾಷೆ ಮಾಡಿರಬೇಕು ಎಂದು ಸರ್ ಮಾತು ಮುಗಿಸಿದರು. ನಮ್ಮ ಟೀ ಶರ್ಟು ಹಳ್ಳಿಯವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಮಂಜುಳಾ ನನ್ನ ಪಕ್ಕ ಕೂತಿದ್ದಳು. ಊರಿನ ದೀಪ ಕಾಣಿಸತೊಡಗಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿದಳು.

"ದಾರೀಲಿ ನನ್ನ ಕೈ ಹಿಡ್ಕೊಂಡಿದ್ಳು ಅಕ್ಕಾ. ತಣ್ಣಗಿತ್ತು. ಏನೋ ಅಂದ್ಳು. ನೀನೇ ರೂಲ್ಸ್ ಮುರಿದು ಮಾತಾಡ್ತಿದ್ದೀಯ ಅಂದ್ಕೊಂಡು ಸರ್‌ಗೆ ಹೇಳ್ಲಿಲ್ಲ."

"ಏನಂದ್ಳು?"

"ನಿಮ್ಮ ಭಾಷೇಲಿ. ನಂಗೆ ಅರ್ಥ ಆಗ್ಲಿಲ್ಲ. ಇತ್ತಾ ದೇರ್, ಇತ್ತಾ ದೇರ್ ಅಂತಿದ್ಳು."

ನಾನು ಆ ಮಾತನ್ನು ಬಾಯಿಬಿಟ್ಟು ಆಡಿರಲಿಲ್ಲ. ಅದನ್ನು ಮಂಜುಳಾಳಿಗೂ ಹೇಳಲಿಲ್ಲ. ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಮಂಜುಳಾ ಮದುವೆಯಾಗಿ ದಳ ಬಿಟ್ಟಳು. ನಾನು ಈಗಲೂ ಡ್ಯೂಟಿಗೆ ಹೋಗುತ್ತೇನೆ. ಕೈವಾರ, ಚಿಂತಾಮಣಿ ಬಸ್ ಸ್ಟ್ಯಾಂಡು, ಎಲ್ಲಿ ಹಾಕಿದರೆ ಅಲ್ಲಿ. ಒಮ್ಮೆ ರಜೆಯಲ್ಲಿ ಒಬ್ಬಳೇ ಬಸ್ಸು ಹತ್ತಿ ಆ ಕ್ವಾರಿಗೂ ಹೋಗಿದ್ದೆ. ಮೊದಲನೇ ಕೋಣೆಯಲ್ಲಿ ಬಹಳ ಹೊತ್ತು ಕೂತಿದ್ದೆ. ಏನೂ ಆಗಲಿಲ್ಲ. ಬಂದುಬಿಟ್ಟೆ.

ಅವಳು ಯಾರೆಂದು ನನಗೆ ಗೊತ್ತಿಲ್ಲ. ಗೊತ್ತಾಗುತ್ತದೆ ಎಂಬ ಆಸೆಯೂ ಈಗಿಲ್ಲ. ನನ್ನನ್ನು ಬಿಡದೆ ಕಾಡುವುದು ಬೇರೆ. ಅಷ್ಟು ಕಷ್ಟಪಟ್ಟು ದಿನ್ನೆ ಇಳಿಸಿ ತಂದು, ಮರದ ಕೆಳಗೆ ಮಲಗಿಸಿ, ಕಂಬಳಿ ಹೊದಿಸಿ, ಎಲ್ಲರೂ ಟೀ ಕುಡಿಯಲು ವ್ಯಾನಿನ ಆಚೆ ಬದಿಗೆ ಹೋದರಂತೆ. ಅವಳ ಹತ್ತಿರ ಒಬ್ಬರೂ ಕೂರಲಿಲ್ಲ.