ಏಳು ಮನೆಯ ಕೋವಿ

ಹೋದ ವಾರ ಹೊಸ ಲ್ಯಾಮಿನೇಷನ್ ಯಂತ್ರಕ್ಕೆ ಜಾಗ ಮಾಡೋಣವೆಂದು ಮೇಜಿನ ಕೆಳಖಾನೆ ಎಳೆದೆ. ಹಳೆಯ ಸ್ಟಾಂಪ್ ಪ್ಯಾಡು, ಒಣಗಿದ ಅಂಟಿನ ಬಾಟಲಿ, ಅವುಗಳ ಹಿಂದೆ ಮಡಿಸಿಟ್ಟ ಒಂದು ಚೌಕುಳಿ ಟವೆಲ್ಲು. ಮೂಗಿಗೆ ಹಿಡಿದೆ. ಕೊಬ್ಬರಿ ಎಣ್ಣೆ, ಕಬ್ಬಿಣ, ಅದರಡಿಯಲ್ಲಿ ಎಲ್ಲೋ ಸುಟ್ಟ ಮದ್ದಿನ ಕಮಟು. ಇಷ್ಟು ವರ್ಷವಾದರೂ ಹೋಗಿಲ್ಲ ನೋಡಿ. ಪಕ್ಕದ ಜೆರಾಕ್ಸ್ ಅಂಗಡಿಯವಳು, "ಯಾರ್ದಕ್ಕಾ ಅದು?" ಅಂದಳು. ಕೋವಿ ತಾತ ಅಂತ ಒಬ್ಬನಿದ್ದ, ಅವನದು ಅಂದೆ.

ನಾನು ಮಧುಗಿರಿಯಲ್ಲಿ ಪತ್ರ ಬರೆಯುವವಳು. ಕಚೇರಿಗಳ ಬೀದಿಯಲ್ಲಿ ತಗಡಿನ ಸೂರಿನ ಪುಟ್ಟ ಅಂಗಡಿ, ಗೋಡೆಯ ಮೇಲೆ ಗಾಜು ಹಾಕಿಸಿದ ನನ್ನ ಲೈಸೆನ್ಸು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಉಯಿಲು. ನಿಜ ಹೇಳಬೇಕೆಂದರೆ ನಾವು ಬರೆಯುವುದು ಕಮ್ಮಿ. ಕಂಪ್ಯೂಟರಿನಲ್ಲಿ ಹಳೆಯ ಪತ್ರವೊಂದನ್ನು ತೆರೆಯುವುದು, ಹೆಸರು ಬದಲಿಸುವುದು, ಚಕ್ಕುಬಂದಿ ಬದಲಿಸುವುದು, ಪ್ರಿಂಟ್ ಕೊಡುವುದು. ಆ ಕೆಲಸದಲ್ಲಿ ನನ್ನಷ್ಟು ಚುರುಕು ಬೀದಿಯಲ್ಲಿ ಯಾರೂ ಇಲ್ಲ ಅನ್ನುವ ಜಂಬ ಬೇರೆ ನನಗೆ.

ತಾತ ಬಂದದ್ದು ಒಂದು ಬುಧವಾರ. ಬಡವನಹಳ್ಳಿಯಾಚೆ, ಗುಡ್ಡದ ಬುಡದಲ್ಲಿರುವ ಏಳು ಮನೆಯ ಹಟ್ಟಿಯವನು. ಹೆಗಲ ಮೇಲಿನ ಟವೆಲ್ಲಿನ ಗಂಟು ಬಿಚ್ಚಿ, ಒಳಗಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟ. ಬಂದೂಕಿನ ಲೈಸೆನ್ಸು. ಬೆಳೆ ಕಾಯಲು ಅಂತ ಅವನ ಅಪ್ಪನ ಕಾಲದಿಂದ ಬಂದ ಒಂಟಿ ನಳಿಗೆಯ ಕೋವಿ, ಬಾಯಿಂದ ಮದ್ದು ತುಂಬುವಂಥದು. ಕಡಲೆಕಾಯಿ ಬಲಿಯುವ ಹೊತ್ತಿಗೆ ಗುಡ್ಡದಿಂದ ಹಂದಿ ಇಳಿಯುತ್ತವೆ, ಒಮ್ಮೊಮ್ಮೆ ಕರಡಿ. ತಾತ ಏಳೂ ಮನೆಯ ಹೊಲಕ್ಕೆ ಸರದಿಯಂತೆ ಹೋಗಿ, ಬರೀ ಮದ್ದು ಹಾಕಿ ಒಂದು ಸದ್ದು ಮಾಡಿ ಬರುತ್ತಿದ್ದ. ಜೀವಮಾನದಲ್ಲಿ ಒಂದು ಪ್ರಾಣಿಯನ್ನೂ ಹೊಡೆದವನಲ್ಲವಂತೆ. ಆದರೂ ಹಟ್ಟಿಯಲ್ಲಿ ಪ್ರತಿ ವರ್ಷ ಮೊದಲು ಕಿತ್ತ ಕಡಲೆಕಾಯಿ ಗಿಡವನ್ನು ದೇವರ ಮುಂದೆ ಇಡುತ್ತಿರಲಿಲ್ಲ, ಮನೆಗೊಂದರಂತೆ ಏಳು ಗಿಡ ತಂದು ಆ ಕೋವಿಯ ಮುಂದೆ ಇಡುತ್ತಿದ್ದರು.

"ನನ್ ತರುವಾಯ ಯಾವನಾದ್ರೂ ಒಬ್ನ ಹೆಸ್ರಿಗೆ ಹೋದ್ರೆ, ಮಿಕ್ಕ ಆರು ಮನೆಯೋರು ಅವನ ಬಾಗ್ಲಾಗೆ ನಿಂತ್ಕಬೇಕು ಕಣಮ್ಮ," ಅಂದ. "ಅಂಗಾಗ್ಬಾರ್ದು. ಫಾರಿನ್ನಾಗೆ ಬಂದೂಕ್ನ ಟ್ರಸ್ಟಿಗೆ ಬರ್ದುಬುಡ್ತಾರಂತೆ. ನಮ್ ಅಳಿಯ ಮೊಬೈಲಾಗೆ ತೋರುಸ್ದ. ನಮ್ದೂ ಅಂಗೇ ಬರ್ದುಕೊಡು ತಾಯಿ."

ನನಗೆ ನಗು ಬಂತು. ಆದರೆ ಆಗೋದಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದೇ ಇಲ್ಲವಲ್ಲ, ಅದೇ ನನ್ನ ರೋಗ. ಎದುರುಗಡೆ ಕೂರುವ ವಕೀಲರನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಯಾವುದೋ ಊರಿನವರು ತಮ್ಮ ಗುಡಿಗೆ ಮಾಡಿಸಿಕೊಂಡಿದ್ದ ಟ್ರಸ್ಟ್ ಪತ್ರ ಕಂಪ್ಯೂಟರಿನಲ್ಲಿ ಇತ್ತು. ಅದನ್ನೇ ತೆರೆದೆ. ದೇವರ ಹೆಸರು ತೆಗೆದು ಹಟ್ಟಿಯ ಹೆಸರು ಹಾಕಿದೆ. ಜಮೀನು ತೆಗೆದು ಕೋವಿ ಹಾಕಿದೆ, ನಳಿಗೆಯ ಮೇಲಿನ ನಂಬರಿನ ಸಮೇತ. ಮನೆಗೊಬ್ಬರಂತೆ ಏಳು ಜನ ಟ್ರಸ್ಟಿಗಳು. ಮುಂದಿನ ಬುಧವಾರ ಏಳೂ ಜನ ಟೆಂಪೋದಲ್ಲಿ ಬಂದು ಇಳಿದರು, ಮದುವೆಗೆ ಬಂದವರ ಹಾಗೆ. ಪತ್ರವನ್ನು ಗಡಗಡ ಓದಿದೆ. ಛಾಪಾ ಕಾಗದದ ಮೇಲೆ ಸಹಿ, ಹೆಬ್ಬೆಟ್ಟು ಎಲ್ಲ ಆಯಿತು. ತಾತ ಆ ಪತ್ರವನ್ನು ಕೋವಿ ಒರೆಸುವ ಟವೆಲ್ಲಿನಲ್ಲೇ ಸುತ್ತಿಕೊಂಡು ಹೋದ. ಅವತ್ತು ಅವನು ಕೊಟ್ಟ ಬೇಯಿಸಿದ ಕಡಲೆಕಾಯಿ ಇನ್ನೂ ಬೆಚ್ಚಗಿತ್ತು...

ಆ ವರ್ಷ ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸಿನ ಬಂದೂಕುಗಳನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ರಶೀದಿ ತೋರಿಸಿ ಬಿಡಿಸಿಕೊಂಡು ಬರಬೇಕು. ತಾತನಿಗೆ ಇದೇನು ಹೊಸದಲ್ಲ. ಆದರೆ ಈ ಸಲ ಬಿಡಿಸಿಕೊಳ್ಳಲು ಹೋದಾಗ ರಶೀದಿಯ ಜೊತೆ ನನ್ನ ಪತ್ರವನ್ನೂ ಮುಂದಿಟ್ಟಿದ್ದಾನೆ. ಇನ್ನು ಮೇಲೆ ಏಳು ಮನೆಯಲ್ಲಿ ಯಾರು ಬಂದರೂ ಕೊಡಿ ಸ್ವಾಮಿ ಅಂತ, ಹೆಮ್ಮೆಯಿಂದ.

ಪತ್ರದ ಮೂರನೇ ಪುಟದಲ್ಲಿ ಒಂದು ಸಾಲಿತ್ತು. "ಇಂದಿನಿಂದ ಸದರಿ ಸ್ವತ್ತಿನ ಮೇಲೆ ನನಗೆ ಯಾವುದೇ ಹಕ್ಕು, ಅಧಿಕಾರ, ಸ್ವಾಧೀನ ಇರುವುದಿಲ್ಲ." ಗುಡಿಯ ಪತ್ರದಲ್ಲಿದ್ದ ಸಾಲು. ನಾನು ತೆಗೆದಿರಲಿಲ್ಲ. ಅಲ್ಲಿದೆ ಅನ್ನುವ ಗಮನವೂ ನನಗಿರಲಿಲ್ಲ. ಲೈಸೆನ್ಸು ತಾತನದು, ಆದರೆ ತಾತನೇ ಕೋವಿ ನನ್ನದಲ್ಲ ಅಂತ ಬರೆದುಕೊಟ್ಟಿದ್ದಾನೆ. ಕೋವಿ ಟ್ರಸ್ಟಿನದು, ಟ್ರಸ್ಟಿಗೆ ಲೈಸೆನ್ಸಿಲ್ಲ. ಯಾರ ಕೈಗೆ ಕೊಡುತ್ತಾರೆ? ಕೋವಿ ಠಾಣೆಯಲ್ಲೇ ಉಳಿಯಿತು, ಫೈಲು ತುಮಕೂರಿಗೆ, ಡಿಸಿ ಆಫೀಸಿಗೆ ಹೋಯಿತು. ಆಗ ಹೋಗಿ ವಕೀಲರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು. "ನಮ್ಮಲ್ಲಿ ಬಂದೂಕಿನ ಲೈಸೆನ್ಸು ಒಬ್ಬ ಆಳಿನ ಹೆಸರಿಗೆ, ಟ್ರಸ್ಟಿಗಲ್ಲ ಕಣಮ್ಮ. ಇದನ್ನ ಯಾರು ಬರೆದಿದ್ದು?" ಯಾರೋ ಅಂದೆ.

ಮುಂದಿನ ಎರಡು ವರ್ಷ ತಾತ ಬುಧವಾರ ತಪ್ಪಿಸಲಿಲ್ಲ. ಬಂದು ಬೆಂಚಿನ ಮೇಲೆ ಕೂತು, "ಬಂತೇನಮ್ಮ ನಮ್ ಕೋವಿ?" ಅನ್ನುತ್ತಿದ್ದ. ಇನ್ನೂ ಫೈಲು ತುಮಕೂರಲ್ಲೇ ಇದೆ ತಾತ, ಸರ್ಕಾರದ ಕೆಲಸ ಗೊತ್ತಲ್ಲ ಅನ್ನುತ್ತಿದ್ದೆ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಸರ್ಕಾರವನ್ನು ಬೈದರೆ ಯಾರೂ ಬೇಡ ಅನ್ನುವುದಿಲ್ಲವಲ್ಲ. ತಪ್ಪು ನನ್ನದು ಅನ್ನುವ ಮಾತು ಎಷ್ಟೋ ಸಲ ಗಂಟಲಿಗೆ ಬಂತು. ಗೋಡೆಯ ಮೇಲಿನ ಲೈಸೆನ್ಸು ನೋಡಿದಾಗಲೆಲ್ಲ ವಾಪಸು ಹೋಯಿತು. ನನಗೆ ಹೆದರಿಕೆ ಇತ್ತು, ಅಷ್ಟೇ. ದೊಡ್ಡ ಕಾರಣವೇನೂ ಇಲ್ಲ.

ಹಟ್ಟಿಯವರು ತಗಡಿನ ಡಬ್ಬ ಬಡಿದು ನೋಡಿದರು, ಪಟಾಕಿ ಹೊಡೆದು ನೋಡಿದರು. ಹಂದಿಗಳು ನಾಲ್ಕು ದಿನ ಹೆದರಿ ಐದನೆಯ ದಿನ ಬಂದವು. ಮೊದಲ ವರ್ಷ ತಾತ ನನಗೆ ಒಂದು ಹಿಡಿ ಕಡಲೆಕಾಯಿ ತಂದ. "ಈಸೇ ಉಳ್ದಿದ್ದು ಕಣಮ್ಮ, ನೀನು ತಿನ್ನು," ಅಂದ. ಎರಡನೆಯ ವರ್ಷ ಏನೂ ತರಲಿಲ್ಲ. ಕೋವಿ ಒರೆಸುವ ಆ ಟವೆಲ್ಲನ್ನು ಬೆಂಚಿನ ಮೇಲೇ ಮರೆತು ಹೋದ. ಬುಧವಾರ ಬರುತ್ತಾನಲ್ಲ, ಕೊಡೋಣ ಅಂತ ಖಾನೆಯಲ್ಲಿಟ್ಟೆ. ಆ ಬುಧವಾರ ಬರಲಿಲ್ಲ. ಅದರ ಮುಂದಿನದಕ್ಕೂ...

ಒಂದು ತಿಂಗಳ ಮೇಲೆ ತಾತನ ಮಗ ಬಂದ, ತಲೆ ಬೋಳಿಸಿಕೊಂಡು. ವಾರಸುದಾರನಾಗಿ ಕೋವಿಗೆ ಅರ್ಜಿ ಹಾಕಬೇಕೆಂದು ಕಾಗದಗಳ ಕಟ್ಟನ್ನು ನನ್ನ ಮುಂದಿಟ್ಟ. ಮರಣ ಪ್ರಮಾಣಪತ್ರ, ಲೈಸೆನ್ಸು, ರಶೀದಿ, ನನ್ನ ಪತ್ರ. ಎಲ್ಲಕ್ಕಿಂತ ಕೆಳಗೆ, ತಾತ ಠಾಣೆಯಲ್ಲಿ ಕೊಟ್ಟಿದ್ದ ಹೇಳಿಕೆಯ ನಕಲು. ಓದಿದೆ. "ಸದರಿ ಸಾಲನ್ನು ನಾನೇ ಹೇಳಿ ಬರೆಸಿರುತ್ತೇನೆ. ಬರೆದವರು ಬೇಡವೆಂದರೂ ನಾನು ಕೇಳಿರುವುದಿಲ್ಲ." ಕೆಳಗೆ ತಾತನ ಹೆಬ್ಬೆಟ್ಟು.

ನಾನು ಬೇಡ ಅಂದಿರಲಿಲ್ಲ. ತಾತ ಹೇಳಿ ಬರೆಸಿರಲೂ ಇಲ್ಲ.

"ಗೊತ್ತಿಲ್ದೆ ಬರ್ದವ್ರೆ ಅಂತ ಒಂದ್ ಮಾತು ಹೇಳು, ಕೋವಿ ಕೊಡೋಕೆ ದಾರಿ ಐತೆ ಅಂದ್ರು ಠಾಣೆ ರೈಟರ್ರು," ಅಂದ ಮಗ, ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ. "ಅಪ್ಪ ಒಪ್ಲಿಲ್ಲ. ಆ ಹೆಣ್ಮಗಿನ ಲೈಸೆನ್ಸು ಹೋಗ್ತೈತೆ ಕಣ್ಲಾ, ನಮ್ದೊಂದು ಹೋಗೈತಲ್ಲ ಸಾಕು ಅಂದ."

ಹೇಳಿಕೆಯ ಮೇಲಿದ್ದ ತಾರೀಖು ನೋಡಿದೆ, ಚುನಾವಣೆ ಮುಗಿದ ತಿಂಗಳಿನದೇ. ಅಂದರೆ ಆ ಎರಡು ವರ್ಷದ ಅಷ್ಟೂ ಬುಧವಾರ ತಾತನಿಗೆ ಎಲ್ಲ ಗೊತ್ತಿತ್ತು. ಅರ್ಜಿ ಟೈಪು ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ. ತಪ್ಪು ನನ್ನದೆಂದು ಮಗನ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಒಂದು ವರ್ಷದ ಮೇಲೆ ಅರ್ಜಿ ತಿರಸ್ಕಾರವಾಯಿತು. ಹಟ್ಟಿಯ ಹೊಲಗಳಲ್ಲಿ ಈಗ ಕಡಲೆಕಾಯಿ ಬಿಟ್ಟು, ಹಂದಿ ಮುಟ್ಟುವುದಿಲ್ಲವೆಂದು ಹುಣಸೆ ಗಿಡ ನೆಟ್ಟಿದ್ದಾರಂತೆ.

ಲ್ಯಾಮಿನೇಷನ್ ಯಂತ್ರವನ್ನು ಜೆರಾಕ್ಸ್ ಅಂಗಡಿಯವಳಿಗೆ ನೀನೇ ಇಟ್ಟುಕೋ ಅಂದೆ. ಟವೆಲ್ಲನ್ನು ಮಡಿಸಿ ಇದ್ದಲ್ಲೇ ಇಟ್ಟೆ. ಆ ಸಾಲನ್ನು ಇವತ್ತಿಗೂ ದಿನಕ್ಕೆ ನಾಲ್ಕು ಪತ್ರಕ್ಕೆ ಹಾಕುತ್ತೇನೆ, ಹಾಕಲೇಬೇಕು. ಆದರೆ ಅದು ಬಂದ ಕಡೆ ಈಗ ನಿಲ್ಲಿಸಿ, ಎದುರು ಕೂತವರಿಗೆ ಎರಡೆರಡು ಸಲ ಓದಿ ಹೇಳುತ್ತೇನೆ. ಗೊತ್ತು ಬುಡಮ್ಮ, ಬೇಗ ಪ್ರಿಂಟ್ ಕೊಡು ಅಂತ ರೇಗುತ್ತಾರೆ. ತಲೆಯೆತ್ತಿದರೆ ಗೋಡೆಯ ಮೇಲೆ ನನ್ನ ಲೈಸೆನ್ಸು, ಗಾಜಿನೊಳಗೆ, ಇದ್ದ ಹಾಗೇ ಇದೆ.